ಅಗ್ನಿವೀರನ ಓದಿನ ಖರ್ಚು ಯಾರ ಜೇಬಿನದು?



ಅಗ್ನಿಪಥ ಯೋಜನೆಯ ಪರ ಮಾತಾಡುವವರು ಸುತ್ತಿ ಬಳಸಿ ಕೊನೆಗೆ ಬಂದು ನಿಲ್ಲುವುದು ಒಂದೇ ಅಂಕಿಯ ಹತ್ತಿರ: 11.71 ಲಕ್ಷ ರೂಪಾಯಿ. ಸೇನೆಯಲ್ಲಿ ನಾಲ್ಕು ವರ್ಷ ಮುಗಿಸಿ ಬಂದ ಹುಡುಗ ಆ ದುಡ್ಡಲ್ಲಿ ಬೇಕಾದ ಕಾಲೇಜು ಸೇರಬಹುದು, ಅಪ್ಪನ ಮುಂದೆ ಕೈಯೊಡ್ಡಬೇಕಿಲ್ಲ ಎನ್ನುತ್ತಾರೆ. ಪದವಿಪೂರ್ವ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತನಾದ ನನಗೆ ಈ ಲೆಕ್ಕ ಒಪ್ಪಿಗೆಯಾಗುತ್ತಿಲ್ಲ.

ಆ ದುಡ್ಡು ಬರುವುದು ಎಲ್ಲಿಂದ? ಈ ಯೋಜನೆಯಡಿ ಸೇನೆ ಸೇರುವ ಅಗ್ನಿವೀರನ ತಿಂಗಳ ಸಂಬಳ ಮೊದಲ ವರ್ಷ 30,000, ನಾಲ್ಕನೆಯ ವರ್ಷ 40,000. ಪ್ರತಿ ತಿಂಗಳೂ ಅದರಲ್ಲಿ ಶೇ 30ರಷ್ಟನ್ನು ಹಿಡಿದು ಸೇವಾನಿಧಿ ಎಂಬ ನಿಧಿಗೆ ಹಾಕುತ್ತಾರೆ. ಹಾಗಾಗಿ ಮೊದಲ ವರ್ಷ ಅವನ ಕೈಗೆ ಬರುವುದು 21,000 ಮಾತ್ರ. ನಾಲ್ಕು ವರ್ಷ ಹೀಗೆ ಹಿಡಿದದ್ದು 5.02 ಲಕ್ಷ. ಸರ್ಕಾರ ಅಷ್ಟನ್ನೇ ಸೇರಿಸಿ, ಬಡ್ಡಿ ಕೂಡಿಸಿ ಕೊಡುವುದೇ ಈ 11.71 ಲಕ್ಷ. ಅದಕ್ಕೆ ತೆರಿಗೆ ಇಲ್ಲ, ನಿಜ. ಆದರೆ ಪಿಂಚಣಿಯೂ ಇಲ್ಲ, ಗ್ರಾಚ್ಯುಟಿಯೂ ಇಲ್ಲ. ಅರ್ಧ ಅವನದೇ ಸಂಬಳ, ಇನ್ನರ್ಧ ಪಿಂಚಣಿ ತಪ್ಪಿಸಿದ್ದಕ್ಕೆ ಕೊಟ್ಟ ಸಮಾಧಾನ. ಇದಕ್ಕೆ ಓದಿನ ನೆರವು ಎಂಬ ಹೆಸರೇಕೆ?

ಆ ದುಡ್ಡು ಓದಿಗೇ ಉಳಿಯುತ್ತದೆ ಎನ್ನುವವರು ಹಳ್ಳಿಯ ಮನೆಗಳನ್ನು ಕಂಡಿಲ್ಲ. ಹಾವೇರಿ, ಗದಗ, ಬೆಳಗಾವಿ ಕಡೆಯಿಂದ ಭರ್ತಿಗೆ ಓಡುವ ಹುಡುಗರಲ್ಲಿ ಹೆಚ್ಚಿನವರು ಸಣ್ಣ ಹಿಡುವಳಿದಾರರ, ಕೂಲಿಕಾರರ ಮಕ್ಕಳು. ಒಟ್ಟಿಗೆ ಹನ್ನೊಂದು ಲಕ್ಷ ಮನೆಗೆ ಬಂತೆಂದರೆ ಅಕ್ಕನ ಮದುವೆ, ಕೊಳವೆಬಾವಿಯ ಸಾಲ, ಅರ್ಧಕ್ಕೆ ನಿಂತ ಮನೆಯ ಸ್ಲ್ಯಾಬು, ಎಲ್ಲವೂ ಸರದಿಯಲ್ಲಿ ನಿಂತಿರುತ್ತವೆ. ಅದು ತಪ್ಪೂ ಅಲ್ಲ. ದುಡಿದ ಮಗ ಮನೆಗೆ ಕೊಡದೆ ಇನ್ಯಾರಿಗೆ ಕೊಡಬೇಕು? ಅದಕ್ಕೇ ಓದಿನ ದುಡ್ಡು ಬೇರೆ ಇರಬೇಕು, ನೇರ ಕಾಲೇಜಿಗೇ ಹೋಗಬೇಕು ಎನ್ನುವುದು.

ಇದು ಹೊಸ ಯೋಚನೆಯೇನಲ್ಲ. ಅಮೆರಿಕದಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ 1944ರ ಜೂನ್‌ನಲ್ಲಿ ಸಹಿ ಹಾಕಿದ ಜಿಐ ಬಿಲ್ ಯುದ್ಧದಿಂದ ಮರಳಿದ ಸೈನಿಕನ ಶುಲ್ಕವನ್ನು ವರ್ಷಕ್ಕೆ 500 ಡಾಲರ್‌ವರೆಗೆ ಕಾಲೇಜಿಗೇ ಕಟ್ಟಿತು. ಅವನ ಹೊಟ್ಟೆಪಾಡಿಗೆ ತಿಂಗಳಿಗೆ 50 ಡಾಲರ್ ಬೇರೆ. 1947ರಲ್ಲಿ ಅಲ್ಲಿನ ಕಾಲೇಜುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ವಿದ್ಯಾರ್ಥಿಗಳು ಮಾಜಿ ಸೈನಿಕರೇ ಆಗಿದ್ದರು. 2009ರಲ್ಲಿ ಜಾರಿಗೆ ಬಂದ ಹೊಸ ಕಾಯ್ದೆಯಲ್ಲಿ ಪೂರ್ಣ ಅರ್ಹತೆ ಪಡೆದವನಿಗೆ 36 ತಿಂಗಳ ಓದು, ತನ್ನ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯದ ಪೂರ್ತಿ ಶುಲ್ಕ, ಮನೆ ಬಾಡಿಗೆಯ ಭತ್ಯೆ ಎಲ್ಲವೂ ಸಿಗುತ್ತದೆ. ಅಲ್ಲೂ ಎಲ್ಲ ಸರಿಯಿತ್ತು ಎನ್ನುತ್ತಿಲ್ಲ. ದಕ್ಷಿಣದ ರಾಜ್ಯಗಳ ಕಪ್ಪು ಸೈನಿಕರಲ್ಲಿ ಬಹಳ ಮಂದಿಗೆ ಕಾಲೇಜಿನ ಬಾಗಿಲೇ ತೆರೆಯಲಿಲ್ಲ. ಮುಂದೆ ಲಾಭಕೋರ ಖಾಸಗಿ ಕಾಲೇಜುಗಳು ಈ ದುಡ್ಡಿಗೆ ಮುಗಿಬಿದ್ದವು. ಆದರೂ ಸೈನಿಕನ ಓದು ಸರ್ಕಾರದ ಹೊಣೆ ಎಂಬುದು ಅಲ್ಲಿ ಕಾನೂನಾಗಿದೆ.

ನಮ್ಮಲ್ಲಿ ಅಗ್ನಿವೀರರಿಗೆ ಇಗ್ನೋ ಮುಕ್ತ ವಿಶ್ವವಿದ್ಯಾಲಯದ ಪದವಿ ಇದೆಯಲ್ಲ ಎನ್ನಬಹುದು. ಸೇನೆಯ ತರಬೇತಿಗೇ ಅರ್ಧ ಕ್ರೆಡಿಟ್ ಕೊಡುವ ಆ ಮೂರು ವರ್ಷದ ಪದವಿ ಒಳ್ಳೆಯದೇ. ಪದವಿ ಕೇಳುವ ನೇಮಕಾತಿ ಪರೀಕ್ಷೆಗೆ ಅರ್ಜಿ ಹಾಕಲು ಬರುತ್ತದೆ. ಆದರೆ ಪಿಯುಸಿ ವಿಜ್ಞಾನ ಓದಿ ಸೇನೆಗೆ ಹೋಗಿ, ಬಂದ ಮೇಲೆ ಎಂಜಿನಿಯರಿಂಗ್ ಸೇರಬೇಕೆನ್ನುವ ಹುಡುಗನ ಪಾಡೇನು? ಸಿಇಟಿ ರ‍್ಯಾಂಕಿಗೆ ಅರ್ಧ ಪಿಯುಸಿ ಅಂಕ, ಅರ್ಧ ಆ ಪ್ರವೇಶ ಪರೀಕ್ಷೆಯ ಅಂಕ. ನಾಲ್ಕು ವರ್ಷ ಕ್ಯಾಲ್ಕುಲಸ್ ಮುಟ್ಟದವನು ಟ್ಯೂಷನ್ನಿನಿಂದ ಆಗಷ್ಟೇ ಎದ್ದು ಬಂದ ಹದಿನೆಂಟರ ಹುಡುಗರ ಜೊತೆ ಕೂತು ಬರೆಯಬೇಕು. ಸಿಇಟಿಯಲ್ಲಿ ಸೈನಿಕರ, ಮಾಜಿ ಸೈನಿಕರ ಮಕ್ಕಳಿಗೆ ವಿಶೇಷ ಪ್ರವರ್ಗದ ಸೀಟುಗಳಿವೆ. ಅಗ್ನಿವೀರ ಯಾರ ಮಗನೆಂದು ಹೋಗಿ ಕೇಳಬೇಕು? ನಾಲ್ಕು ವರ್ಷಕ್ಕೇ ಮನೆಗೆ ಬರುವವನಿಗೆ ಮಾಜಿ ಸೈನಿಕ ಎಂಬ ಸ್ಥಾನವೂ ಇಲ್ಲ ಎಂದು ಯೋಜನೆಯ ಷರತ್ತಿನಲ್ಲೇ ಬರೆದಿದೆ.

ಭೂಸೇನೆಯ ಮೊದಲ ತಂಡ ತರಬೇತಿಗೆ ಇಳಿದದ್ದು 2023ರ ಜನವರಿಯಲ್ಲಿ. ಸೇನೆಯಲ್ಲೇ ಕಾಯಂ ಆಗುವ, ಹೆಚ್ಚೆಂದರೆ ಕಾಲು ಭಾಗದಷ್ಟು ಮಂದಿಯನ್ನು ಬಿಟ್ಟು ಉಳಿದವರು 2027ರ ಆರಂಭಕ್ಕೆ ಊರಿಗೆ ಬರುತ್ತಾರೆ. ಕೇಂದ್ರ ಸರ್ಕಾರ ಸೇವಾನಿಧಿಯನ್ನು ಮುಟ್ಟದೆ ಅವರ ಪದವಿ ಶುಲ್ಕವನ್ನು ಪ್ರತ್ಯೇಕವಾಗಿ ಕಟ್ಟಲಿ. ರಾಜ್ಯ ಸರ್ಕಾರ ದಿಲ್ಲಿಯ ದಾರಿ ಕಾಯಬೇಕಿಲ್ಲ: ಸರ್ಕಾರಿ ಎಂಜಿನಿಯರಿಂಗ್, ಡಿಪ್ಲೊಮಾ, ನರ್ಸಿಂಗ್ ಕಾಲೇಜುಗಳಲ್ಲಿ ಅಗ್ನಿವೀರರಿಗೆಂದೇ ಒಂದೆರಡು ಸೂಪರ್‌ನ್ಯೂಮರರಿ ಸೀಟು ಕೊಟ್ಟರೆ ಬೇರೆ ಯಾರ ಸೀಟೂ ಕಡಿಮೆಯಾಗುವುದಿಲ್ಲ. ಉನ್ನತ ಶಿಕ್ಷಣ ಸಚಿವರು 2027ರ ಸಿಇಟಿ ಅರ್ಜಿ ಹೊರಡುವ ಮೊದಲೇ ಈ ಆದೇಶ ಹೊರಡಿಸಬೇಕು.

ಇಂತಿ,
ನಿವೃತ್ತ ಉಪನ್ಯಾಸಕ, ಹಾವೇರಿ ಜಿಲ್ಲೆ