ಬೀಗದ ಕೈ ಯಾರ ಸೆರಗಿನಲ್ಲಿದೆ?



ಮನೆಗೆ ಹೊಸ ಸೊಸೆ ಬರ್ತಾಳೆ. ಆರತಿ ಎತ್ತುತ್ತೇವೆ, ಹೊಸಿಲ ಮೇಲಿನ ಸೇರು ಒದೆಸಿ ಒಳಗೆ ಕರೆದುಕೊಳ್ಳುತ್ತೇವೆ. ಬಂದವರ ಮುಂದೆಲ್ಲ "ನಮ್ಮ ಸೊಸೆ ಎಷ್ಟು ಚೆನ್ನಾಗಿ ಹಾಡ್ತಾಳೆ ಗೊತ್ತಾ?" ಅಂತ ಹೆಮ್ಮೆಯಿಂದ ಹೇಳಿ ಒಂದು ಹಾಡನ್ನೂ ಹೇಳಿಸುತ್ತೇವೆ. ಆದರೆ ಉಗ್ರಾಣದ ಬೀಗದ ಕೈ? ಅದು ಅತ್ತೆಯ ಸೆರಗಿನ ತುದಿಯಲ್ಲೇ ಇರುತ್ತೆ. ಹಬ್ಬಕ್ಕೆ ಏನು ಅಡಿಗೆ, ಯಾರನ್ನು ಕರೆಯಬೇಕು, ಯಾರಿಗೆ ಏನು ಉಡುಗೊರೆ ಎಂದು ದೊಡ್ಡವರು ಕೂತು ತೀರ್ಮಾನಿಸುವಾಗ ಅವಳು ಒಳಗೆ ತೆಂಗಿನಕಾಯಿ ತುರಿಯುತ್ತಿರುತ್ತಾಳೆ. ಅವಳನ್ನು ಮನೆಗೆ ಸೇರಿಸಿಕೊಂಡದ್ದೇನೋ ನಿಜ. ಆದರೆ ಅವಳು ಮನೆಯವಳು ಆದಳೇ?

ಇದು ನಮ್ಮ ನಿಮ್ಮ ಮನೆಯ ಪ್ರಶ್ನೆ ಮಾತ್ರ ಅಂದುಕೊಳ್ಳಬೇಡಿ. ದೊಡ್ಡ ದೊಡ್ಡ ದೇಶಗಳೂ ಈಗ ಇದೇ ಪ್ರಶ್ನೆ ಎದುರಿಗಿಟ್ಟುಕೊಂಡು ಕೂತಿವೆ. ಈ ಸಲ ನಿಮ್ಮನ್ನು ಬಹಳ ದೂರ, ಯೂರೋಪಿನ ಉತ್ತರದ ತುದಿಗೆ ಕರೆದುಕೊಂಡು ಹೋಗ್ತೀನಿ. ಒಲೆಯ ಮೇಲೆ ಏನಾದರೂ ಇದ್ದರೆ ಉರಿ ಸಣ್ಣಗೆ ಮಾಡಿ ಬನ್ನಿ.

ಸ್ವೀಡನ್, ನಾರ್ವೆ, ಡೆನ್ಮಾರ್ಕ್, ಫಿನ್ಲೆಂಡ್, ಐಸ್‌ಲೆಂಡ್: ಈ ಐದನ್ನು ಸೇರಿಸಿ ನಾರ್ಡಿಕ್ ದೇಶಗಳು ಅಂತಾರೆ. ಚಳಿಗಾಲದಲ್ಲಿ ಅಲ್ಲಿ ಮಧ್ಯಾಹ್ನಕ್ಕೇ ಕತ್ತಲಾಗುತ್ತೆ. ಜನ ಕಡಿಮೆ, ಅನುಕೂಲ ಹೆಚ್ಚು. ಐಸ್‌ಲೆಂಡಿನ ಇಡೀ ಜನಸಂಖ್ಯೆ ನಾಲ್ಕು ಲಕ್ಷದೊಳಗೆ. ನಾಟಕ, ಸಂಗೀತ, ಪುಸ್ತಕ, ಚಿತ್ರಕಲೆಗೆಲ್ಲ ಸರ್ಕಾರ ಮತ್ತು ನಗರಸಭೆಗಳು ಧಾರಾಳವಾಗಿ ಹಣ ಕೊಡುತ್ತವೆ. ಕಲಾವಿದರು ಅರ್ಜಿ ಹಾಕುತ್ತಾರೆ, ಒಂದು ಸಮಿತಿ ಓದಿ ನೋಡಿ ಆರಿಸುತ್ತದೆ. ಕೇಳಲು ಎಷ್ಟು ಚೆಂದ, ಅಲ್ವೆ?

ಈಗ ಆ ದೇಶಗಳಲ್ಲಿ ಹೊರಗಿನಿಂದ ಬಂದು ನೆಲೆಸಿದವರು ಬಹಳ ಮಂದಿ. ಸ್ವೀಡನ್ನಿನಲ್ಲಿ ಐವರಲ್ಲಿ ಒಬ್ಬರು ಬೇರೆ ದೇಶದಲ್ಲಿ ಹುಟ್ಟಿದವರು. ಯುದ್ಧಕ್ಕೆ ಹೆದರಿ ಇರಾಕ್, ಸಿರಿಯಾಗಳಿಂದ ಬಂದವರಿದ್ದಾರೆ, ಕೆಲಸ ಹುಡುಕಿಕೊಂಡು ಪೋಲೆಂಡಿನಿಂದ ಬಂದವರಿದ್ದಾರೆ, ಮದುವೆಯಾಗಿ ಬಂದವರಿದ್ದಾರೆ. ನಮ್ಮ ಕಡೆಯ ಹೆಣ್ಣುಮಕ್ಕಳೂ ಗಂಡನ ಕಂಪ್ಯೂಟರ್ ಕೆಲಸದ ಹಿಂದೆ ಸ್ಟಾಕ್‌ಹೋಮಿಗೋ ಹೆಲ್ಸಿಂಕಿಗೋ ಹೋಗಿ ಸಂಸಾರ ಹೂಡಿದ್ದಾರೆ. ಇವರಲ್ಲಿ ಕವಿಗಳಿಲ್ಲವೇ, ನಟರಿಲ್ಲವೇ, ಹತ್ತು ವರ್ಷ ಭರತನಾಟ್ಯ ಕಲಿತವರಿಲ್ಲವೇ? ಬೇಕಾದಷ್ಟು ಇದ್ದಾರೆ. ಆದರೆ ರಂಗಮಂದಿರದ ಒಳಗೆ, ಹಣ ಹಂಚುವ ಸಮಿತಿಯ ಮೇಜಿನ ಸುತ್ತ ನೋಡಿದರೆ ಅವರು ಕಾಣುವುದು ಅಪರೂಪ.

ಯಾಕೆ ಹೀಗೆ? ಯಾರೂ ಬಾಗಿಲಲ್ಲಿ ನಿಂತು "ನೀವು ಬರಬೇಡಿ" ಅನ್ನುವುದಿಲ್ಲ. ಎಲ್ಲರೂ ನಗುನಗುತ್ತಲೇ ಮಾತಾಡಿಸುತ್ತಾರೆ. ತೊಡಕು ಇರುವುದು ಕಣ್ಣಿಗೆ ಕಾಣದ ಕಡೆ.

ಮೊದಲನೆಯದು ಪರಿಚಯ. ಚಿಕ್ಕ ದೇಶ, ಒಂದೆರಡು ನಾಟಕ ಶಾಲೆ. ಜೊತೆಯಲ್ಲಿ ಓದಿದವರೇ ಮುಂದೆ ನಿರ್ದೇಶಕರು, ಅವರೇ ಪರೀಕ್ಷಕರು. ಕೆಲಸ ಇದೆ ಎಂಬ ಸುದ್ದಿ ಜಾಹೀರಾತಿಗಿಂತ ಮೊದಲು ಕಾಫಿ ಕುಡಿಯುವ ಕಡೆ ಹರಡುತ್ತದೆ. ಹೊರಗಿನವಳಿಗೆ ಆ ಕಾಫಿಗೆ ಕರೆ ಇರುವುದಿಲ್ಲ.

ಎರಡನೆಯದು ಕಾಗದ ಪತ್ರ. ವಾಸದ ಪರವಾನಗಿ ಮುಂದುವರಿಯಬೇಕಾದರೆ ಬಹುಮಂದಿ ಆದಾಯ ತೋರಿಸಬೇಕು. ಕಲಾವಿದರ ಕೈಗೆ ಒಂದು ತಿಂಗಳು ದುಡ್ಡು ಬಂದರೆ ಮೂರು ತಿಂಗಳು ಇಲ್ಲ. ಹೀಗಾಗಿ ಒಳ್ಳೆಯ ಪಿಟೀಲು ವಾದಕಿ ಆಫೀಸು ಗುಡಿಸುವ ಕೆಲಸಕ್ಕೆ ಸೇರುತ್ತಾಳೆ. ಕೆಲಸ ಕೀಳಲ್ಲ, ಆದರೆ ಬೆರಳು ಪಳಗಿದ ವಿದ್ಯೆ ತುಕ್ಕು ಹಿಡಿಯುತ್ತದಲ್ಲ! ಹಾಡು ನಿಲ್ಲಿಸಿದ ಸೊಸೆ ಹತ್ತು ವರ್ಷದ ಮೇಲೆ "ಈಗ ಹಾಡಮ್ಮ" ಅಂದರೆ ಹಾಡುತ್ತಾಳೆಯೇ? ನಿಮಗೇ ಗೊತ್ತು.

ಮೂರನೆಯದು ರುಚಿ. "ನಾವು ಗುಣ ಒಂದನ್ನೇ ನೋಡುತ್ತೇವೆ" ಅಂತಾರೆ ಸಮಿತಿಯವರು. ಸುಳ್ಳು ಹೇಳುತ್ತಾರೆ ಅಂತ ನಾನು ಹೇಳೋದಿಲ್ಲ. ಆದರೆ ಒಂದು ಅಡಿಗೆ ಸ್ಪರ್ಧೆ ಇಟ್ಟು, ತೀರ್ಪುಗಾರರೆಲ್ಲ ಮೈಸೂರು ಕಡೆಯವರೇ ಆಗಿ, ಧಾರವಾಡದ ಹೆಂಗಸು ಎಣ್ಣೆಗಾಯಿ, ಜೋಳದ ರೊಟ್ಟಿ ಮಾಡಿ ತಂದರೆ ಏನಾಗುತ್ತೆ? "ಚೆನ್ನಾಗಿದೆ, ಆದರೆ ಖಾರ ಜಾಸ್ತಿ" ಅಂತಾರೆ. ನಾಲಿಗೆ ಬೆಳೆದ ರೀತಿಯೇ ಹಾಗೆ. ಮೇಜಿನ ಸುತ್ತ ಬೇರೆ ಬೇರೆ ನಾಲಿಗೆಗಳು ಕೂತಾಗಲೇ ಗುಣದ ತೂಕ ಸರಿಹೋಗೋದು.

ನಾಲ್ಕನೆಯದು ಎಲ್ಲಕ್ಕಿಂತ ನೋವಿನದು. ಕರೆಯುತ್ತಾರೆ, ಆದರೆ "ನಿಮ್ಮ ದೇಶದ ಬಣ್ಣ" ತೋರಿಸುವುದಕ್ಕೆ ಮಾತ್ರ. ಆಹಾರ ಮೇಳದಲ್ಲಿ ಕುಣಿಯಿರಿ, ನಿರಾಶ್ರಿತರ ದಿನ ನಿಮ್ಮ ಕಷ್ಟದ ಕಥೆ ಹೇಳಿ ಅಂತಾರೆ. ಇಬ್ಸನ್ನನ ನಾಟಕದಲ್ಲಿ ನೋರಾಳ ಪಾತ್ರ ಕೊಡಿ ಅಂದರೆ "ನಿಮ್ಮ ಉಚ್ಚಾರಣೆ..." ಅಂತ ಎಳೆಯುತ್ತಾರೆ. ಸಿಹಿ ಮಾಡೋಕೆ ಮಾತ್ರ ಕರೆದು, ದಿನದ ಅಡಿಗೆಗೆ ಸೌಟು ಮುಟ್ಟಿಸದ ಹಾಗೆ!

ಇಷ್ಟೆಲ್ಲ ಕೇಳಿ ಅಲ್ಲಿನವರನ್ನು ಬೈದುಬಿಡಬೇಡಿ. ತಮ್ಮ ಮನೆಯ ಕೊರತೆಯನ್ನು ತಾವೇ ಒಪ್ಪಿಕೊಂಡವರೂ ಅವರೇ. ಸ್ವೀಡನ್ 2006ನ್ನು ಬಹುಸಂಸ್ಕೃತಿಯ ವರ್ಷ ಎಂದು ಆಚರಿಸಿತು. 2017ರಿಂದ 2019ರವರೆಗೆ ನಾರ್ವೆಯ ಕಲಾಮಂಡಳಿ ಮುಂದೆ ನಿಂತು, ಐದೂ ದೇಶಗಳವರನ್ನು ಕೂಡಿಸಿ, ಕಲಾಕ್ಷೇತ್ರದಲ್ಲಿ ಎಲ್ಲರಿಗೂ ಜಾಗ ಮಾಡುವುದು ಹೇಗೆ ಎಂದು ಚರ್ಚೆ ನಡೆಸಿತು. ಹೆಲ್ಸಿಂಕಿಯಲ್ಲಿ ಗ್ಲೋಬ್ ಆರ್ಟ್ ಪಾಯಿಂಟ್ ಎಂಬ ಸಂಸ್ಥೆ ಹುಟ್ಟಿದ್ದೇ ಹೊರದೇಶದಲ್ಲಿ ಹುಟ್ಟಿದ ಕಲಾವಿದರಿಗೆ ಮಾಹಿತಿ ಕೊಟ್ಟು, ಅವರ ಪರವಾಗಿ ಮಾತಾಡುವುದಕ್ಕೆ. ಆದರೂ ಒಂದು ಮಾತು. ವರ್ಷಾಚರಣೆ ಹಬ್ಬದ ಹಾಗೆ, ಮುಗಿದ ಮೇಲೆ ತೋರಣ ಬಿಚ್ಚುತ್ತಾರೆ. ಕೊನೆಗೆ ಉಳಿಯುವುದು ಬದಲಾದ ನಿಯಮ, ಕೈ ಬದಲಾದ ಬೀಗದ ಕೈ.

ಇದು ಆಗದ ಮಾತು ಅಂತೀರಾ? ಆಗಿರುವ ಉದಾಹರಣೆಗಳನ್ನೇ ಹೇಳ್ತೀನಿ ಕೇಳಿ.

ಗ್ರೀಸ್ ದೇಶದ ಥಿಯೊಡೋರ್ ಕಲ್ಲಿಫಟೀಡಿಸ್ 1964ರಲ್ಲಿ ಸ್ವೀಡನ್ನಿಗೆ ಬಂದರು. ವಯಸ್ಸು ಇಪ್ಪತ್ತಾರು, ಸ್ವೀಡಿಷ್ ಹೊಸದಾಗಿ ಕಲಿಯಬೇಕು. ಐದೇ ವರ್ಷದಲ್ಲಿ, 1969ರಲ್ಲಿ, ಸ್ವೀಡಿಷಿನಲ್ಲೇ ಬರೆದ ಅವರ ಕವನ ಸಂಕಲನ ಹೊರಬಂತು. 1972ರಲ್ಲಿ ಆ ದೇಶದ ಹೆಸರಾಂತ ಸಾಹಿತ್ಯ ಪತ್ರಿಕೆಯೊಂದರ ಸಂಪಾದಕರ ಕುರ್ಚಿಯನ್ನೇ ಅವರಿಗೆ ಕೊಟ್ಟರು. ಯೋಚಿಸಿ, ಸ್ವೀಡನ್ನಿನವರು ಬರೆದದ್ದರಲ್ಲಿ ಯಾವುದು ಅಚ್ಚಾಗಬೇಕು ಎಂದು ಹೇಳುವವರು ಎಂಟು ವರ್ಷದ ಹಿಂದೆ ಬಂದ ಗ್ರೀಕರು! ಸೆರಗಿಗೆ ಬೀಗದ ಕೈ ಕಟ್ಟೋದು ಅಂದರೆ ಇದು.

ಫಿನ್ಲೆಂಡಿನಲ್ಲಿ ಫಿನ್ಲಾಂಡಿಯಾ ಎಂಬ ದೊಡ್ಡ ಸಾಹಿತ್ಯ ಪ್ರಶಸ್ತಿ ಇದೆ. ಆ ದೇಶದ ಪೌರರಿಗೆ ಮಾತ್ರ ಎಂದು ಅದರ ನಿಯಮವಿತ್ತು. 2010ರಲ್ಲಿ ಅಂತಿಮ ಪಟ್ಟಿಗೆ ಬಂದ ಅಲೆಕ್ಸಾಂಡ್ರಾ ಸಲ್ಮೆಲಾ ಸ್ಲೊವಾಕಿಯಾದ ಹೆಣ್ಣುಮಗಳು. ಫಿನ್ನಿಷ್ ಭಾಷೆಯಲ್ಲೇ ಕಾದಂಬರಿ ಬರೆದಿದ್ದರು, ಆದರೆ ಪೌರತ್ವ ಇರಲಿಲ್ಲ. ಅವರ ಹೆಸರು ಹೊಡೆದುಹಾಕಲಿಲ್ಲ, ನಿಯಮವನ್ನೇ ಬದಲಿಸಿದರು. ಪ್ರಶಸ್ತಿ ಆ ವರ್ಷ ಬೇರೆಯವರಿಗೆ ಹೋಯಿತು, ಅದಿರಲಿ. ಒಬ್ಬಳು ಹಾದುಹೋದ ಬಾಗಿಲು ಹಿಂದೆ ಬರುವವರಿಗೂ ತೆರೆದೇ ಇರುತ್ತಲ್ಲ.

ಐಸ್‌ಲೆಂಡಿನ ಸಂಗತಿ ಇನ್ನೂ ಸೊಗಸು. ಅಲ್ಲಿ ತೋಮಸ್ ಗುಡ್ಮುಂಡ್ಸನ್ ಎಂಬ ಕವಿಯ ಹೆಸರಿನ ಬಹುಮಾನಕ್ಕೆ ಹಸ್ತಪ್ರತಿಯನ್ನು ಗುಪ್ತನಾಮದಲ್ಲಿ ಕಳಿಸಬೇಕು. ಓದುವವರಿಗೆ ಬರೆದವರು ಯಾರು, ಎಲ್ಲಿಯವರು ಎಂದು ಗೊತ್ತಾಗುವಂತಿಲ್ಲ. 2022ರಲ್ಲಿ ಆ ಬಹುಮಾನ ಬಂದದ್ದು ನತಾಶಾ ಎಸ್. ಎಂಬ ಕಾವ್ಯನಾಮದ ರಷ್ಯನ್ ಮೂಲದ ಹೆಣ್ಣುಮಗಳಿಗೆ. ಬೆಳೆದ ಮೇಲೆ ಕಲಿತ ಐಸ್‌ಲೆಂಡಿಕ್ ಭಾಷೆಯಲ್ಲಿ, ಯುಕ್ರೇನಿನ ಯುದ್ಧ ತನ್ನ ಎದೆಯಲ್ಲಿ ಎಬ್ಬಿಸಿದ ಸಂಕಟವನ್ನು ಬರೆದಿದ್ದರು. ಹೆಸರು ಮುಚ್ಚಿಟ್ಟಾಗ ಕವಿತೆಯೇ ಮಾತಾಡಿತು!

ಕೊನೆಯ ಉದಾಹರಣೆಗೆ ನಮ್ಮ ನೆರೆಯ ಕೇರಳದ ನಂಟೂ ಇದೆ. ಇಟಲಿಯಲ್ಲಿ ಹುಟ್ಟಿದ ಯುಜೀನಿಯೊ ಬಾರ್ಬಾ 1954ರಲ್ಲಿ ನಾರ್ವೆಗೆ ಹೋಗಿ ವೆಲ್ಡಿಂಗ್ ಕೆಲಸ ಮಾಡಿದರು, ಹಡಗಿನಲ್ಲಿ ದುಡಿದರು. ನಾಟಕದ ಹುಚ್ಚು ಅವರನ್ನು ಪೋಲೆಂಡಿಗೆ ಎಳೆಯಿತು, 1963ರಲ್ಲಿ ಕೇರಳ ಕಲಾಮಂಡಲಕ್ಕೂ ಕರೆತಂದು ಕಥಕಳಿ ಕಲಿಸುವ ಕ್ರಮವನ್ನು ತೋರಿಸಿತು. 1964ರಲ್ಲಿ ಆಸ್ಲೋ ನಗರದಲ್ಲಿ ಓಡಿನ್ ಎಂಬ ತಂಡ ಕಟ್ಟಿದರು. ಸೇರಿದವರು ಯಾರು? ಸರ್ಕಾರಿ ನಾಟಕ ಶಾಲೆ "ಬೇಡ" ಎಂದು ಕಳಿಸಿದ ಹುಡುಗ ಹುಡುಗಿಯರು. 1966ರಲ್ಲಿ ಡೆನ್ಮಾರ್ಕಿನ ಹೋಲ್ಸ್‌ಟೆಬ್ರೊ ಎಂಬ ಸಣ್ಣ ಊರಿನ ನಗರಸಭೆ ಅವರನ್ನು ಕರೆದು, ಊರಾಚೆಯ ಹಳೇ ರೈತರ ಮನೆಯನ್ನೂ ಒಂದಿಷ್ಟು ಹಣವನ್ನೂ ಕೊಟ್ಟಿತು. ಮೊದಮೊದಲು ಊರವರು "ಇದೆಂಥ ನಾಟಕ" ಅಂತ ಗೊಣಗಿದ್ದೂ ಉಂಟು. ತಂಡದವರ ಮಾತು ಊರಿಗೆ ಹೊಸದು, ಹಾಗಾಗಿ ಅವರು ಮೈಯ ಭಾಷೆಯನ್ನು, ದನಿಯ ಏರಿಳಿತವನ್ನು ಬೆಳೆಸಿಕೊಂಡರು. ಕೊರತೆಯೇ ಅವರ ವಿದ್ಯೆಯಾಯಿತು. 1989ರಲ್ಲಿ ಶುರುವಾದ ಅವರ ಉತ್ಸವದಲ್ಲಿ ಶಾಲೆ, ಚರ್ಚು, ಸೈನಿಕರೂ ಸೇರಿ ಇಡೀ ಊರೇ ರಂಗಭೂಮಿಯಾಯಿತು. ಐವತ್ತಕ್ಕೂ ಹೆಚ್ಚು ವರ್ಷ ಆ ತಂಡ ಅದೇ ಊರಿನಲ್ಲಿ ದುಡಿಯಿತು. ನಾಟಕ ಬಲ್ಲವರು ಜಗತ್ತಿನಲ್ಲಿ ಎಲ್ಲೇ ಇರಲಿ, ಹೋಲ್ಸ್‌ಟೆಬ್ರೊ ಹೆಸರು ಕೇಳಿದ್ದಾರೆ. ಯಾರಿಗೆ ಲಾಭ ಆಯ್ತು ಹೇಳಿ, ಬಂದವರಿಗೋ ಕರೆದವರಿಗೋ?

ಇಲ್ಲಿ ಒಂದು ನ್ಯಾಯದ ಪ್ರಶ್ನೆ ಏಳುತ್ತೆ. "ಹೋದ ಊರಿನ ಭಾಷೆ ಕಲಿಯಬೇಕಲ್ಲವೇ?" ಅಂತ ನೀವು ಕೇಳಬಹುದು. ಖಂಡಿತ ಕಲಿಯಬೇಕು. ನಮ್ಮೂರಿಗೆ ಬಂದವರು ಕನ್ನಡ ಕಲಿತರೆ ನಮಗೆ ಸಂತೋಷವಾಗೋದಿಲ್ಲವೇ? ಆದರೆ ಕಲಿಯುವವರೆಗೆ ಬಾಯಿ ಮುಚ್ಚಿಕೊಂಡಿರು ಅನ್ನೋದು ಸರಿಯಲ್ಲ. ಇರಾಕಿನ ಹಸನ್ ಬ್ಲಾಸಿಮ್ 2004ರಿಂದ ಫಿನ್ಲೆಂಡಿನಲ್ಲಿದ್ದಾರೆ, ಬರೆಯುವುದು ಅರಬ್ಬಿಯಲ್ಲಿ. ಅವರ ಕಥೆಗಳು ಇಂಗ್ಲಿಷಿಗೆ ಹೋಗಿ 2014ರಲ್ಲಿ ಇಂಗ್ಲೆಂಡಿನ ದೊಡ್ಡ ಅನುವಾದ ಪ್ರಶಸ್ತಿ ಗೆದ್ದವು. ಫಿನ್ಲೆಂಡಿನ ಚಳಿಯಲ್ಲಿ ಕೂತು ಅರಬ್ಬಿಯಲ್ಲಿ ಬರೆದ ಕಥೆ ಯಾವ ದೇಶದ ಸಾಹಿತ್ಯ? ಎರಡೂ ದೇಶದ್ದು ಅಂತೀನಿ ನಾನು. ತೌರಿನ ಹಾಡು ಹೇಳುವ ಮಗಳು ಗಂಡನ ಮನೆಗೆ ಸೇರಿದವಳಲ್ಲ ಅನ್ನೋಕಾಗುತ್ತದೆಯೇ?

ಇನ್ನೊಂದು ಆಕ್ಷೇಪಣೆ: "ನಮ್ಮ ಹಣ ನಮ್ಮವರಿಗೆ ಇರಲಿ." ಹೊರಗಿನಿಂದ ಬಂದು ದುಡಿಯುವವರೂ ತೆರಿಗೆ ಕಟ್ಟುತ್ತಾರೆ ತಾಯಿ. ಡಬ್ಬಿಗೆ ಹಾಕಿದ ಅಕ್ಕಿಯಲ್ಲಿ ಅವರ ಪಾಲೂ ಇದೆ.

ನಿಮ್ಮ ಮಗಳೋ ನಾದಿನಿಯೋ ಅಕ್ಕನ ಮಗಳೋ ಆ ಕಡೆ ಹೋಗಿದ್ದರೆ, ಫೋನಿನಲ್ಲಿ ಮಾತಾಡುವಾಗ ಈ ನಾಲ್ಕು ಮಾತು ಹೇಳಿ:

• ಗೆಜ್ಜೆ, ತಂಬೂರಿ, ಬಣ್ಣದ ಪೆಟ್ಟಿಗೆ ಅಟ್ಟಕ್ಕೆ ಹಾಕಬೇಡ. ಕೆಲಸ ಯಾವುದೇ ಇರಲಿ, ದಿನಕ್ಕೆ ಅರ್ಧ ಗಂಟೆ ಅಭ್ಯಾಸ ಬಿಡಬೇಡ.

• ಆ ಊರಿನ ಭಾಷೆಯನ್ನು ಮೊದಲ ವರ್ಷದಿಂದಲೇ ಕಲಿ. ತಪ್ಪು ಮಾತಾಡಲು ನಾಚಿಕೊಳ್ಳಬೇಡ.

• ನಮ್ಮವರ ದೀಪಾವಳಿ ಸಮಾರಂಭಕ್ಕೇ ನಿಲ್ಲಬೇಡ. ಅಲ್ಲಿನ ಕಲಾವಿದರ ಸಂಘಕ್ಕೆ ಸೇರು, ಅರ್ಜಿ ಹಾಕು. ಒಂದು ಸಲ ಇಲ್ಲ ಅಂದರೆ ಕಾರಣ ಕೇಳಿ ಮತ್ತೆ ಹಾಕು.

• ಸಮಿತಿಗೆ ಕರೆದರೆ "ನನಗೇನು ಗೊತ್ತು" ಅನ್ನಬೇಡ, ಹೋಗಿ ಕೂತುಕೋ. ನಿನ್ನ ಹಿಂದೆ ಬರುವವಳಿಗೆ ಅದರಿಂದಲೇ ದಾರಿ.

ಈ ಕಡೆಯ ಮಾತು ಊರ ಮಹಿಳಾ ಸಮಾಜದಲ್ಲಿರುವ ನಮಗೂ ಸಲ್ಲುತ್ತೆ. ಬಡಾವಣೆಗೆ ಹೊಸದಾಗಿ ಬಂದ ಆ ಬೇರೆ ಭಾಷೆಯ ಹೆಂಗಸನ್ನು ನವರಾತ್ರಿ ಬೊಂಬೆ ನೋಡಲು ಕರೆದಿರಿ, ಸಂತೋಷ. ಮುಂದಿನ ವರ್ಷ ಕಾರ್ಯಕ್ರಮ ಏನು ಅಂತ ಗೊತ್ತುಮಾಡುವ ದಿನವೂ ಕರೆದು ಕೂರಿಸಿ. ಏನಂತೀರಿ? ನಿಮ್ಮ ಅನುಭವ ಬರೆದು ಕಳಿಸಿ.

ಮುಂದಿನ ಸಂಚಿಕೆಯಲ್ಲಿ ಮಳೆಗಾಲದಲ್ಲಿ ಹಪ್ಪಳ ಸಂಡಿಗೆ ಮೆತ್ತಗಾಗದಂತೆ ಇಡುವ ಬಗ್ಗೆ ಮಾತಾಡೋಣ. ಬರಲೇ?