ಜಾವಾ ಇದೆ, ಸಹಿ ಹಾಕುವವರಿಲ್ಲ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅಲ್ಲಿ ತಯಾರಾದ ಬೈಕುಗಳು ಇನ್ನೂ ಓಡುತ್ತಿವೆ, ಅವುಗಳ ಎಂಜಿನ್ ಬಿಚ್ಚಿ ಕೂಡಿಸಬಲ್ಲ ಮೆಕ್ಯಾನಿಕ್‌ಗಳೂ ಇದ್ದಾರೆ. ಸಿಗದಿರುವುದು ಸಹಿ ಮಾತ್ರ. ಮಾರಿದವರು ನಮೂನೆ 29 ಮತ್ತು 30ಕ್ಕೆ ಸಹಿ ಹಾಕದೆ ಆರ್‌ಸಿಯಲ್ಲಿ ಹೆಸರು ಬದಲಾಗದು. ಮಾರಾಟವನ್ನು ತಿಳಿಸಲು 1988ರ ಮೋಟಾರು ವಾಹನ ಕಾಯ್ದೆ ಕೊಂಡವರಿಗೆ ಕೊಟ್ಟಿರುವ ಗಡುವು 30 ದಿನ. ಮೊನ್ನೆ ಕೊಂಡ ಸ್ಕೂಟರ್‌ಗೆ ಇದು ಸರಿಹೋಗುತ್ತದೆ. ಐವತ್ತು ವರ್ಷದ ಜಾವಾ ಈಗಾಗಲೇ ನಾಲ್ಕೈದು ಕೈ ದಾಟಿರುತ್ತದೆ. ಖಾಲಿ ಫಾರಂಗಳಿಗೆ ಸಹಿ ಪಡೆದು ಬೈಕಿನ ಜೊತೆಗೇ ದಾಟಿಸುವುದು ಈ ವ್ಯಾಪಾರದ ಹಳೇ ರೂಢಿ. (ಮಧ್ಯದಲ್ಲೊಬ್ಬ ಬ್ರೋಕರ್ ಹುಟ್ಟಿಕೊಳ್ಳುವುದು ಇಲ್ಲೇ.) ದಾಖಲೆಯಲ್ಲಿರುವ ಮಾಲೀಕರು ತೀರಿಕೊಂಡಿದ್ದರೆ ನಮೂನೆ 31 ಬೇಕು, ಅದನ್ನು ಕೊಡಬೇಕಾದ ವಾರಸುದಾರರಿಗೆ ಅಂಥದೊಂದು ಬೈಕು ಇತ್ತೆಂಬುದೇ ಮರೆತಿರುತ್ತದೆ.

2021ರ ಜುಲೈನಲ್ಲಿ ಬಂದ ವಿಂಟೇಜ್ ನಿಯಮ ಇದನ್ನು ಬಗೆಹರಿಸಬಹುದಿತ್ತು. ಐವತ್ತು ವರ್ಷ ಮೀರಿದ, ಮೂಲರೂಪ ಕೆಡದ ವಾಹನಕ್ಕೆ 20,000 ರೂಪಾಯಿ ಶುಲ್ಕ, ಹತ್ತು ವರ್ಷದ ನೋಂದಣಿ, ಹೊಸದಾಗಿ ನೋಂದಣಿಯಾಗುವುದಕ್ಕೆ ‘ವಿಎ’ ಸರಣಿಯ ನಂಬರು. ಆದರೆ ದೇಶದಲ್ಲಿ ಮೊದಲೇ ನೋಂದಣಿಯಾದ ವಾಹನಕ್ಕೆ ಅದೂ ಹಳೇ ಆರ್‌ಸಿಯನ್ನೇ ಕೇಳುತ್ತದೆ. ನನ್ನ ತಕರಾರು ಇರುವುದು ಇಲ್ಲಿ. ಬೈಕಿನ ಗುರುತು ಸರ್ಕಾರದ ಬಳಿಯೇ ಇದೆ: ಚಾಸಿ ನಂಬರು, ಎಂಜಿನ್ ನಂಬರು, ಮಾಲೀಕರ ಹೆಸರು ಎಲ್ಲವೂ ಆರ್‌ಟಿಒ ಕಚೇರಿಯ ಬಿ-ರಿಜಿಸ್ಟರಿನಲ್ಲಿ. ಮೈಸೂರು ರಾಜ್ಯದ ಕಾಲದ ‘ಎಂವೈ’ ನಂಬರಿನ ಹಳೇ ಪುಟ ‘ವಾಹನ್’ ತಂತ್ರಾಂಶಕ್ಕೆ ಏರಿಲ್ಲವೆಂದರೆ ಅದು ಕಚೇರಿಯ ಬಾಕಿ ಕೆಲಸ. ಅದಕ್ಕಾಗಿ ಅಲೆಯುವವರು ಮಾತ್ರ ಅರ್ಜಿದಾರರು.

ಆ ರಿಜಿಸ್ಟರನ್ನೇ ನಂಬಿ ಸಹಿ ಬಿಟ್ಟರೆ ಕಳ್ಳರಿಗೆ ದಾರಿಯಾಗದೇ ಎಂಬುದು ನ್ಯಾಯವಾದ ಪ್ರಶ್ನೆ. ಸಹಿಯನ್ನು ಸುಮ್ಮನೆ ಬಿಡಬೇಕಿಲ್ಲ. ಕಚೇರಿಯವರು ಚಾಸಿ ನಂಬರಿನ ಪೆನ್ಸಿಲ್ ಅಚ್ಚನ್ನು ರಿಜಿಸ್ಟರಿನ ಜೊತೆ ಹೋಲಿಸಿ, ಪೊಲೀಸರ ಕಳವು ದಾಖಲೆ ನೋಡಿ, ಮಾಲೀಕರ ವಿಳಾಸಕ್ಕೆ ನೋಟಿಸ್ ಕಳಿಸಿ, ಪತ್ರಿಕೆಯಲ್ಲಿ ಪ್ರಕಟಿಸಿ, ಮೂವತ್ತು ದಿನ ಕಾಯಲಿ. ಎನ್‌ಒಸಿ ಅರ್ಜಿಗೆ ಕಚೇರಿ ಮೂವತ್ತು ದಿನ ಉತ್ತರಿಸದಿದ್ದರೆ ಕೊಟ್ಟಂತೆಯೇ ಲೆಕ್ಕ ಎನ್ನುತ್ತದೆ ಇದೇ ಕಾಯ್ದೆಯ 48ನೇ ಕಲಂ. ಕಚೇರಿಯ ಮೌನ ಒಪ್ಪಿಗೆಯಾಗುವುದಾದರೆ, ನೋಟಿಸ್ ಕೊಟ್ಟ ಮೇಲೂ ಬಾರದ ಮಾಲೀಕರ ಮೌನ ಯಾಕಾಗಬಾರದು? ಹೆಸರು ಬದಲಾಗದಿದ್ದರೆ ಮಾರಿದವರಿಗೂ ಸುಖವಿಲ್ಲ: ಅಪಘಾತವಾದರೆ ದಾಖಲೆಯಲ್ಲಿ ಇರುವವರೇ ಹೊಣೆ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇನ್ನು ಹೊಗೆಯ ಮಾತು. ಟೂ-ಸ್ಟ್ರೋಕ್ ಎಂಜಿನ್ ಹೊಗೆಯುಗುಳುವುದು ಸುಳ್ಳಲ್ಲ, ಆದರೆ ವಿಂಟೇಜ್ ವಾಹನವನ್ನು ದಿನನಿತ್ಯ ಓಡಿಸುವುದಕ್ಕೆ ನಿಯಮದಲ್ಲೇ ತಡೆಯಿದೆ. ನೋಂದಣಿ ಸಿಗದೆ ಶೆಡ್ಡಿನಲ್ಲಿ ತುಕ್ಕು ಹಿಡಿದದ್ದು ಕೊನೆಗೆ ಗುಜರಿಗೆ ಹೋಗುತ್ತದೆ, ಇಲ್ಲವೇ ಯಾವ ದಾಖಲೆಯೂ ಇಲ್ಲದೆ ಹಳ್ಳಿ ರಸ್ತೆಯಲ್ಲಿ ಓಡುತ್ತದೆ. 1978ರಲ್ಲಿ ಐಡಿಯಲ್ ಜಾವಾ ಕಾರ್ಖಾನೆಯಿಂದಲೇ ಬಂದ ಯೆಜ್ಡಿ ರೋಡ್‌ಕಿಂಗ್‌ಗಳಿಗೆ 2028ರಿಂದ ಐವತ್ತು ತುಂಬತೊಡಗುತ್ತದೆ. ಅಷ್ಟರೊಳಗೆ ಆ ರಿಜಿಸ್ಟರುಗಳ ಧೂಳು ಕೊಡವಿ ಸ್ಕ್ಯಾನ್ ಮಾಡಿಸುವುದು ಸಾರಿಗೆ ಇಲಾಖೆಗೆ ಆಗದ ಕೆಲಸವೇನಲ್ಲ.