ಖಾಲಿ ಲಾರಿಯ ಮೇಲಿನ ಸುಂಕ

ಡೀಸೆಲ್ಲಿನ ದರ ಏರಿದ ದಿನ ವಾಹನವುಳ್ಳವರು ಗೊಣಗುತ್ತಾರೆ. ವಾಹನವಿಲ್ಲದವರು ಅದು ತಮಗೆ ಸಂಬಂಧಿಸಿದ್ದಲ್ಲವೆಂದು ಪತ್ರಿಕೆಯ ಪುಟ ಮಗುಚುತ್ತಾರೆ. ಈ ಎರಡನೆಯವರಿಗಾಗಿಯೇ ನಾವು ಈ ತಿಂಗಳ ಅಂಕಣವನ್ನು ಮೀಸಲಿಟ್ಟಿದ್ದೇವೆ. ಈ ಪತ್ರಿಕೆಯನ್ನು ತರಿಸುವ ಮನೆತನಗಳಲ್ಲಿ ಕಿರಾಣಿ ಅಂಗಡಿಯವರಿದ್ದಾರೆ, ಕಾಳುಕಡಿಯ ದಲಾಲರಿದ್ದಾರೆ, ಖಾನಾವಳಿ ನಡೆಸುವವರಿದ್ದಾರೆ, ಸಾಲ ತೆಗೆದು ಒಂದು ಲಾರಿ ಕೊಂಡವರಿದ್ದಾರೆ, ಒಕ್ಕಲುತನದವರಂತೂ ಬಹಳ. ಇವರಲ್ಲಿ ಒಬ್ಬರೂ ಇಂಧನದ ಬೆಲೆಯಿಂದ ಹೊರಗಿಲ್ಲ. ವ್ಯಾಪಾರ ಚುರುಕಾಗಿರುವಾಗ ಏರಿದ ಬೆಲೆ ಕೈಯಿಂದ ಕೈಗೆ ದಾಟಿ, ಕೊನೆಗೆ ಸಾವಿರಾರು ಗಿರಾಕಿಗಳಲ್ಲಿ ಹಂಚಿಹೋಗುತ್ತದೆ. ವ್ಯಾಪಾರ ಮಂದವಾದಾಗ ಅದು ದಾಟುವುದಿಲ್ಲ. ಯಾರ ಕೈ ದುರ್ಬಲವೋ ಅವರಲ್ಲಿಯೇ ನಿಂತುಬಿಡುತ್ತದೆ. ಇದನ್ನು ನಮ್ಮ ಕಾಲದಲ್ಲಿ ೨೦೨೦ರಷ್ಟು ಸ್ಪಷ್ಟವಾಗಿ ತೋರಿಸಿಕೊಟ್ಟ ವರ್ಷ ಮತ್ತೊಂದಿಲ್ಲ.

ಆ ವರ್ಷದ ಮಾರ್ಚ್ ೨೫ರಿಂದ ದೇಶವೆಲ್ಲ ಬಾಗಿಲು ಹಾಕಿತು. ಜಗತ್ತಿನಲ್ಲಿ ವಿಮಾನ ಹಾರಲಿಲ್ಲ, ವಾಹನ ಓಡಲಿಲ್ಲ, ಎಣ್ಣೆ ಕೇಳುವವರಿಲ್ಲದಾಯಿತು. ಏಪ್ರಿಲ್ ೨೦ರಂದು ಅಮೆರಿಕದ ವಾಯಿದೆ ಪೇಟೆಯಲ್ಲಿ ಕಚ್ಚಾತೈಲದ ದರ ಸೊನ್ನೆಗಿಂತ ಕೆಳಗಿಳಿದು, ಮಾರುವವನೇ ಕೊಳ್ಳುವವನಿಗೆ ಹಣ ಕೊಡಬೇಕಾದ ವಿಚಿತ್ರವೂ ನಡೆಯಿತು. ನಮ್ಮ ದೇಶ ಕೊಳ್ಳುವ ಕಚ್ಚಾತೈಲದ ಸರಾಸರಿ ಬೆಲೆ ಆ ತಿಂಗಳಲ್ಲಿ ಪೀಪಾಯಿಗೆ ಸುಮಾರು ೨೦ ಡಾಲರು. ಒಂದು ಪೀಪಾಯಿ ಎಂದರೆ ೧೫೯ ಲೀಟರು. ಅಂದಿನ ಡಾಲರಿನ ಬೆಲೆಯಲ್ಲಿ ಲೆಕ್ಕ ಹಾಕಿದರೆ ಕಚ್ಚಾತೈಲ ಲೀಟರಿಗೆ ಹತ್ತು ರೂಪಾಯಿಯೂ ಆಗುವುದಿಲ್ಲ. ನಾವು ಬಳಸುವ ಕಚ್ಚಾತೈಲದಲ್ಲಿ ನೂರಕ್ಕೆ ಎಂಬತ್ತೈದು ಪಾಲು ಹೊರದೇಶಗಳಿಂದಲೇ ಬರುವುದಾದ್ದರಿಂದ ಇದು ಬಡದೇಶಕ್ಕೆ ಒದಗಿದ ದೊಡ್ಡ ಅನುಕೂಲವೇ ಸರಿ.

ಈ ಅನುಕೂಲ ಬಂಕಿನವರೆಗೆ ಬರಲಿಲ್ಲ. ಕೇಂದ್ರ ಸರ್ಕಾರ ಮಾರ್ಚ್ ತಿಂಗಳಲ್ಲಿ ಅಬಕಾರಿ ಸುಂಕವನ್ನು ಲೀಟರಿಗೆ ೩ ರೂಪಾಯಿ ಏರಿಸಿತು. ಮೇ ತಿಂಗಳ ಆರಂಭದಲ್ಲಿ ಪೆಟ್ರೋಲಿಗೆ ಇನ್ನೂ ೧೦, ಡೀಸೆಲ್ಲಿಗೆ ಇನ್ನೂ ೧೩ ರೂಪಾಯಿ ಏರಿಸಿತು. ಡೀಸೆಲ್ಲಿನ ಮೇಲಿನ ಕೇಂದ್ರದ ಸುಂಕ ೧೫ ರೂಪಾಯಿ ೮೩ ಪೈಸೆಯಿದ್ದುದು ಎರಡು ತಿಂಗಳೊಳಗೆ ೩೧ ರೂಪಾಯಿ ೮೩ ಪೈಸೆಯಾಯಿತು. ನಮ್ಮ ರಾಜ್ಯವೂ ಹಿಂದೆ ಬೀಳಲಿಲ್ಲ. ಏಪ್ರಿಲ್ ೧ರಿಂದ ಡೀಸೆಲ್ಲಿನ ಮಾರಾಟ ತೆರಿಗೆಯನ್ನು ಶೇಕಡಾ ೨೧ರಿಂದ ೨೪ಕ್ಕೆ ಏರಿಸಲಾಯಿತು. ರಾಜ್ಯದ ಈ ತೆರಿಗೆ ಕೇಂದ್ರದ ಸುಂಕವನ್ನು ಕೂಡಿಸಿಕೊಂಡ ಬೆಲೆಯ ಮೇಲೆ ಬೀಳುವಂಥದು. ಅಂದರೆ ತೆರಿಗೆಯ ಮೇಲೊಂದು ತೆರಿಗೆ.

ಬಂಕುಗಳಲ್ಲಿ ಎಂಬತ್ತೆರಡು ದಿನ ನಿಂತಿದ್ದ ನಿತ್ಯದ ದರಪರಿಷ್ಕರಣೆ ಜೂನ್ ೭ರಿಂದ ಮತ್ತೆ ಆರಂಭವಾಗಿ, ಹೆಚ್ಚುಕಡಿಮೆ ಪ್ರತಿದಿನವೂ ದರ ಏರುತ್ತ ಹೋಯಿತು. ದೆಹಲಿಯಲ್ಲಿ ಆ ತಿಂಗಳ ಕೊನೆಯ ಹೊತ್ತಿಗೆ ಡೀಸೆಲ್ ಲೀಟರಿಗೆ ೧೧ ರೂಪಾಯಿಯಷ್ಟು ಏರಿತ್ತು. ಜೂನ್ ೨೪ರಂದು ಅಲ್ಲಿ ಮೊದಲ ಬಾರಿಗೆ ಡೀಸೆಲ್ಲಿನ ಬೆಲೆ ಪೆಟ್ರೋಲಿನ ಬೆಲೆಯನ್ನೂ ಮೀರಿತು. ಅದೇ ಏಪ್ರಿಲ್, ಮೇ, ಜೂನ್ ತಿಂಗಳುಗಳಲ್ಲಿ ದೇಶದ ಉತ್ಪನ್ನವು ಹಿಂದಿನ ವರ್ಷದ ಅದೇ ಅವಧಿಗಿಂತ ಶೇಕಡಾ ೨೩.೯ರಷ್ಟು ಕುಸಿದಿದೆಯೆಂದು ಸರ್ಕಾರದ ಮೊದಲ ಅಂದಾಜು ಹೇಳಿತು. ಮಾಲು ಕೊಳ್ಳುವವರಿಲ್ಲದ ಕಾಲದಲ್ಲಿಯೇ ಮಾಲು ಸಾಗಿಸುವ ವೆಚ್ಚ ಏರಿದ್ದು ಹೀಗೆ.

ಸರ್ಕಾರದ ಪರವಾಗಿ ಹೇಳಬೇಕಾದ ಮಾತನ್ನೂ ಹೇಳೋಣ. ಆ ವರ್ಷ ಬೇರೆ ತೆರಿಗೆಗಳೆಲ್ಲ ಬತ್ತಿದ್ದವು, ಕೋಟ್ಯಂತರ ಜನಕ್ಕೆ ಪುಕ್ಕಟೆ ಧಾನ್ಯ ಕೊಡಬೇಕಾಗಿತ್ತು. ಹಣ ಎಲ್ಲಿಂದಲಾದರೂ ಬರಲೇಬೇಕು. ಪೆಟ್ರೋಲ್ ಡೀಸೆಲ್‌ಗಳಿಂದ ಕೇಂದ್ರಕ್ಕೆ ಬಂದ ಅಬಕಾರಿ ಸುಂಕ ೨೦೧೯-೨೦ರಲ್ಲಿ ೧.೭೮ ಲಕ್ಷ ಕೋಟಿ ರೂಪಾಯಿಯಿದ್ದುದು ೨೦೨೦-೨೧ರಲ್ಲಿ ೩.೩೫ ಲಕ್ಷ ಕೋಟಿಯಾಯಿತೆಂದು ಸಂಸತ್ತಿಗೇ ತಿಳಿಸಲಾಗಿದೆ. ಇಷ್ಟು ಸುಲಭವಾಗಿ ಕೈಗೆ ಸಿಗುವ ತೆರಿಗೆ ಬೇರೆ ಇಲ್ಲ. ನಮ್ಮ ತಕರಾರು ಹಣ ಎತ್ತಿದ್ದಕ್ಕಲ್ಲ. ಯಾರಿಂದ ಎತ್ತಲಾಯಿತು ಎಂಬುದಕ್ಕೆ.

ಒಂದು ಲಾರಿಯ ಲೆಕ್ಕ ಹಾಕಿ ನೋಡೋಣ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಸುಮಾರು ೪೧೦ ಕಿಲೋಮೀಟರು; ಹೋಗಿಬರಲು ೮೨೦. ಲೀಟರಿಗೆ ನಾಲ್ಕು ಕಿಲೋಮೀಟರಿನಂತೆ ೨೦೫ ಲೀಟರು ಡೀಸೆಲ್ ಬೇಕು. ಲೀಟರಿಗೆ ಹತ್ತೇ ರೂಪಾಯಿ ಏರಿತೆಂದು ಹಿಡಿದರೂ ಒಂದು ಸುತ್ತಿಗೆ ೨,೦೫೦ ರೂಪಾಯಿ ಹೆಚ್ಚಿನ ವೆಚ್ಚ. ತಿಂಗಳಿಗೆ ಎಂಟು ಸುತ್ತು ಹೊಡೆದರೆ ೧೬,೪೦೦ ರೂಪಾಯಿ. ಒಂದೇ ಲಾರಿಯ ಮಾಲೀಕನಿಗೆ, ಅದೂ ತಾನೇ ಚಾಲಕನಾಗಿದ್ದವನಿಗೆ, ಇದು ಮನೆಯ ತಿಂಗಳ ಖರ್ಚು. ಬಾಡಿಗೆ ಏರಿಸಬಾರದೇ ಎಂದು ಕೇಳಬಹುದು. ಮಾಲು ಹೆಚ್ಚಿ ಲಾರಿ ಕಡಿಮೆಯಿದ್ದ ದಿನಗಳಲ್ಲಿ ಏರಿಸಬಹುದು. ಮಾಲು ಕಡಿಮೆಯಾಗಿ ಲಾರಿಗಳು ಸಾಲುಗಟ್ಟಿ ನಿಂತಾಗ ಒಬ್ಬ ಏರಿಸಿದರೆ ಪಕ್ಕದವನು ಹಳೆಯ ದರಕ್ಕೇ ಮಾಲು ಹೇರಿಕೊಂಡು ಹೊರಡುತ್ತಾನೆ. ಕಂತು ಕಟ್ಟಬೇಕಾದವನಿಗೆ ನಷ್ಟದ ಬಾಡಿಗೆಯೂ ಬಾಡಿಗೆಯೇ.

ಇಲ್ಲಿ ಹಳೆಯ ಶಾಸನಗಳನ್ನು ಓದಿದವರಿಗೆ ಒಂದು ಸಂಗತಿ ಹೊಳೆಯದೆ ಇರದು. ನಮ್ಮ ನಾಡಿನ ಶಾಸನಗಳಲ್ಲಿ ವಣಿಜರ ಸುಂಕವನ್ನು ಹೇರಿನ ಲೆಕ್ಕದಲ್ಲಿ ಹೇಳುವುದುಂಟು. ಎಲೆಯ ಹೇರಿಗೆ ಇಷ್ಟು, ಅಡಕೆಯ ಹೇರಿಗೆ ಇಷ್ಟು ಎಂಬ ರೀತಿ. ಹೆರ್ಜುಂಕ, ವಡ್ಡರಾವುಳವೆಂಬ ಹೆಸರುಗಳೂ ಅಲ್ಲಿ ಬರುತ್ತವೆ. ಆ ಕಾಲವೇ ಚೆನ್ನಾಗಿತ್ತೆಂದು ಹೇಳುವ ಚಪಲ ನಮಗಿಲ್ಲ. ಸುಂಕದ ಕಾಟ ಅಂದೂ ಇತ್ತು. ಆದರೆ ಹೇರಿನ ಮೇಲಿನ ಸುಂಕಕ್ಕೆ ಒಂದು ಗುಣವಿತ್ತು. ಎತ್ತಿನ ಬೆನ್ನ ಮೇಲೆ ಮಾಲಿದ್ದರೆ ಮಾತ್ರ ಅದನ್ನು ಕೇಳುತ್ತಿದ್ದರು. ಡೀಸೆಲ್ಲಿನ ಮೇಲಿನ ತೆರಿಗೆ ಹಾಗಲ್ಲ. ಅದು ಮಾಲು ತುಂಬಿದ ಲಾರಿಯನ್ನೂ ಮರುಹೊರೆ ಸಿಗದೆ ಬರಿದೇ ಹಿಂದಿರುಗುವ ಲಾರಿಯನ್ನೂ ಸಮನಾಗಿ ಕಾಣುತ್ತದೆ. ವ್ಯಾಪಾರ ಮಂದವಾದಷ್ಟೂ ಖಾಲಿ ಓಡಾಟ ಹೆಚ್ಚು. ಖಾಲಿ ಓಡಾಟ ಹೆಚ್ಚಿದಷ್ಟೂ ಸಂಪಾದನೆಯಿಲ್ಲದ ದಾರಿಗೆ ತೆರಿಗೆ ಹೆಚ್ಚು. ಗದಗ, ವಿಜಯಪುರಗಳ ಕಡೆಯಿಂದ ಬೆಂಗಳೂರಿನ ಮಾರುಕಟ್ಟೆಗೆ ಈರುಳ್ಳಿ ಕಳುಹಿಸುವ ರೈತನೂ ಇದನ್ನು ಬಲ್ಲ. ಈರುಳ್ಳಿಯ ಬೆಲೆ ಬಿದ್ದ ವರ್ಷ ಲಾರಿಯ ಬಾಡಿಗೆ ಬೀಳುವುದಿಲ್ಲ.

ವ್ಯಾಪಾರಸ್ಥರಿಗೆ ಇನ್ನೊಂದು ಅನನುಕೂಲವೂ ಇದೆ. ೨೦೧೭ರ ಜುಲೈ ೧ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂತು. ಮಾಲು ಕೊಳ್ಳುವಾಗ ಕೊಟ್ಟ ತೆರಿಗೆಯನ್ನು, ಮಾರುವಾಗ ಕಟ್ಟುವ ತೆರಿಗೆಯಲ್ಲಿ ಮುರಿದುಕೊಳ್ಳಬಹುದೆಂಬುದೇ ಅದರ ಜೀವಾಳ. ಆದರೆ ಪೆಟ್ರೋಲ್, ಡೀಸೆಲ್, ಕಚ್ಚಾತೈಲ, ನೈಸರ್ಗಿಕ ಅನಿಲ, ವಿಮಾನದ ಇಂಧನ ಈ ಐದನ್ನು ಅದರ ಹೊರಗಿಡಲಾಯಿತು. ಆದುದರಿಂದ ಡೀಸೆಲ್ಲಿಗೆ ಕೊಟ್ಟ ತೆರಿಗೆಯನ್ನು ವರ್ತಕ ಎಲ್ಲಿಯೂ ಮುರಿದುಕೊಳ್ಳುವಂತಿಲ್ಲ. ೨೦೨೧ರ ಸೆಪ್ಟೆಂಬರ್ ೧೭ರಂದು ಲಖನೌದಲ್ಲಿ ಸೇರಿದ ಸರಕು ಸೇವಾ ತೆರಿಗೆ ಮಂಡಳಿಯಲ್ಲಿ ಈ ವಿಷಯ ಬಂದಿತು. ಇದು ಸಕಾಲವಲ್ಲವೆಂದು ಅಲ್ಲಿಗೇ ಬಿಡಲಾಯಿತು. ರಾಜ್ಯಗಳು ಹಿಂಜರಿಯುವುದಕ್ಕೆ ಕಾರಣವಿಲ್ಲದಿಲ್ಲ. ಸ್ವಂತವಾಗಿ ದರ ನಿರ್ಧರಿಸಬಹುದಾದ ದೊಡ್ಡ ತೆರಿಗೆಗಳು ಅವುಗಳಿಗೆ ಉಳಿದಿರುವುದೇ ಮದ್ಯ ಮತ್ತು ಇಂಧನಗಳಂಥ ಕೆಲವು. ಮೇಲಾಗಿ ಕೇಂದ್ರ ಎತ್ತುವ ಸುಂಕದಲ್ಲಿ ಹೆಚ್ಚಿನದು ಕರ, ಉಪಕರಗಳ ಹೆಸರಿನಲ್ಲಿರುವುದರಿಂದ ರಾಜ್ಯಗಳಿಗೆ ಪಾಲು ಸಿಗದು. ೨೦೨೧ರ ಫೆಬ್ರವರಿಯ ಆಯವ್ಯಯದ ನಂತರ ಡೀಸೆಲ್ಲಿನ ಮೇಲಿದ್ದ ೩೧ ರೂಪಾಯಿ ೮೦ ಪೈಸೆಯಲ್ಲಿ ರಾಜ್ಯಗಳೊಡನೆ ಹಂಚಿಕೊಳ್ಳಬೇಕಾದದ್ದು ೧ ರೂಪಾಯಿ ೮೦ ಪೈಸೆ ಮಾತ್ರ. ಕೇಂದ್ರ ರಾಜ್ಯವನ್ನು ದೂರುತ್ತದೆ, ರಾಜ್ಯ ಕೇಂದ್ರವನ್ನು ದೂರುತ್ತದೆ. ಇಬ್ಬರ ಮಾತಿನಲ್ಲಿಯೂ ಅರ್ಧ ಸತ್ಯವಿರುವುದರಿಂದ ಈ ಜಗಳ ಮುಗಿಯುವ ಲಕ್ಷಣವಿಲ್ಲ.

ಖಾನಾವಳಿಯ ಮಾತು ಹೇಳದಿದ್ದರೆ ನಮ್ಮ ಕಡೆಯ ಓದುಗರು ಒಪ್ಪಲಾರರು. ಜೋಳದ ರೊಟ್ಟಿ, ಪಲ್ಯ, ಕಾಳು, ಶೇಂಗಾ ಚಟ್ನಿ ಬಡಿಸುವ ಈ ಮನೆಗಳು ಹಲವೆಡೆ ಗಂಡನನ್ನು ಕಳೆದುಕೊಂಡ ತಾಯಂದಿರ ಜೀವನಾಧಾರ. ಇವರು ಒಲೆ ಹೊತ್ತಿಸುವುದು ೧೯ ಕಿಲೋಗ್ರಾಮಿನ ವಾಣಿಜ್ಯ ಸಿಲಿಂಡರಿನಿಂದ. ಮನೆಬಳಕೆಯ ಸಿಲಿಂಡರಿನ ಬೆಲೆಯನ್ನು ಸರ್ಕಾರ ಚುನಾವಣೆ, ಹಬ್ಬಗಳನ್ನು ನೋಡಿಯಾದರೂ ಹಿಡಿದಿಡುತ್ತದೆ. ವಾಣಿಜ್ಯ ಸಿಲಿಂಡರಿನದು ಸಾಮಾನ್ಯವಾಗಿ ತಿಂಗಳ ಒಂದನೆಯ ತಾರೀಖಿಗೆ ಬದಲಾಗುತ್ತದೆ. ಮನೆಯದಕ್ಕೆ ತೆರಿಗೆ ಶೇಕಡಾ ೫, ವಾಣಿಜ್ಯದ್ದಕ್ಕೆ ೧೮. ಊಟದ ಮೇಲೆ ಶೇಕಡಾ ೫ರ ತೆರಿಗೆ ಕಟ್ಟುವ ಸಾಮಾನ್ಯ ಉಪಾಹಾರಗೃಹಗಳಿಗೆ ಕೊಂಡದ್ದರ ತೆರಿಗೆಯನ್ನು ಮುರಿದುಕೊಳ್ಳುವ ಅವಕಾಶವಿಲ್ಲ; ನೋಂದಣಿಯ ಮಿತಿಯೊಳಗಿರುವ ಸಣ್ಣ ಖಾನಾವಳಿಗೆ ಆ ಪ್ರಶ್ನೆಯೇ ಇಲ್ಲ. ಊಟದ ದರವನ್ನು ಹತ್ತು ರೂಪಾಯಿ ಏರಿಸಿದರೆ ವಿದ್ಯಾರ್ಥಿ, ಗುಮಾಸ್ತ, ಲಾರಿಯ ಚಾಲಕ ಬರುವುದನ್ನೇ ಬಿಡುತ್ತಾರೆ. ಏರಿಸದಿದ್ದರೆ ರೊಟ್ಟಿ ತೆಳ್ಳಗಾಗುತ್ತದೆ, ಇಲ್ಲವೆ ರೊಟ್ಟಿ ಬಡಿಯಲು ಬರುವ ಹೆಂಗಸಿನ ಕೂಲಿ ಕಡಿಮೆಯಾಗುತ್ತದೆ. ಭಾರ ಕೊನೆಗೆ ತಲುಪುವುದು ಎಲ್ಲಿಗೆಂಬುದನ್ನು ಇಲ್ಲಿ ಕಣ್ಣಾರೆ ಕಾಣಬಹುದು.

ಮುಂದಿನ ಕಥೆ ಬೇಗ ಹೇಳಬಹುದಾದದ್ದು. ೨೦೨೧ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ಡೀಸೆಲ್ ನೂರು ರೂಪಾಯಿಯ ಗಡಿ ದಾಟಿತು. ನವೆಂಬರಿನಲ್ಲಿ ಕೇಂದ್ರ ಡೀಸೆಲ್ಲಿನ ಸುಂಕವನ್ನು ೧೦ ರೂಪಾಯಿ ಇಳಿಸಿತು. ರಾಜ್ಯವೂ ತನ್ನ ತೆರಿಗೆ ಇಳಿಸಿ ೭ ರೂಪಾಯಿಯ ರಿಯಾಯಿತಿ ಕೊಟ್ಟಿತು. ೨೦೨೨ರ ಮೇ ತಿಂಗಳಲ್ಲಿ ಕೇಂದ್ರ ಮತ್ತೆ ೬ ರೂಪಾಯಿ ಇಳಿಸಿತು. ಹೀಗೆ ಇಳಿದದ್ದು ಹಾಗೆಯೇ ಉಳಿಯಲಿಲ್ಲ. ರಾಜ್ಯದಲ್ಲಿ ಶೇಕಡಾ ೧೪.೩೪ಕ್ಕೆ ಬಂದಿದ್ದ ಡೀಸೆಲ್ ತೆರಿಗೆ ೨೦೨೪ರ ಜೂನಿನಲ್ಲಿ ೧೮.೪೪ಕ್ಕೂ, ೨೦೨೫ರ ಏಪ್ರಿಲ್ ೧ರಿಂದ ೨೧.೧೭ಕ್ಕೂ ಏರಿತು. ನೆರೆಯ ರಾಜ್ಯಗಳಿಗಿಂತ ನಮ್ಮಲ್ಲಿ ಇನ್ನೂ ಕಡಿಮೆಯೆಂಬುದು ಸರ್ಕಾರದ ಸಮರ್ಥನೆ. ಆ ಏಪ್ರಿಲ್ ತಿಂಗಳ ಮಧ್ಯದಲ್ಲಿಯೇ ರಾಜ್ಯದ ಲಾರಿ ಮಾಲೀಕರು ಮುಷ್ಕರ ಹೂಡಿದರು. ಕೆಲವೇ ದಿನಗಳಲ್ಲಿ ಲಾರಿಗಳು ಮತ್ತೆ ರಸ್ತೆಗಿಳಿದವು.

ತೆರಿಗೆಯ ನೀತಿ ನಮ್ಮ ಕೈಯಲ್ಲಿಲ್ಲ. ಬಾಡಿಗೆಯ ಕರಾರು ನಮ್ಮ ಕೈಯಲ್ಲಿದೆ. ದೊಡ್ಡ ಕಂಪನಿಗಳು ಸಾಗಾಣಿಕೆಯ ಕರಾರು ಬರೆಯುವಾಗ ಅಂದಿನ ಡೀಸೆಲ್ ದರವನ್ನು ನಮೂದಿಸಿ, ಅದು ಇಂತಿಷ್ಟು ಏರಿದರೆ ಬಾಡಿಗೆ ಇಂತಿಷ್ಟು ಏರಬೇಕು, ಇಳಿದರೆ ಇಳಿಯಬೇಕು ಎಂಬ ಷರತ್ತು ಹಾಕುವುದುಂಟು. ನಮ್ಮ ದಲಾಲರೂ ಗಿರಣಿಯವರೂ ಪರಿಚಿತ ಲಾರಿಯವನೊಡನೆ ಬಾಯಿಮಾತಿನಲ್ಲಿಯೇ ವರ್ಷಗಟ್ಟಲೆ ವ್ಯವಹರಿಸುತ್ತಾರೆ. ಪರಿಚಯದ ದಾಕ್ಷಿಣ್ಯಕ್ಕೆ ಅವನು ದರ ಕೇಳಲಾರ, ಇವರು ತಾವಾಗಿ ಕೊಡಲಾರರು. ಎರಡು ಸಾಲಿನ ಬರಹ ಈ ಮುಜುಗರವನ್ನು ತಪ್ಪಿಸುತ್ತದೆ. ಅದರಂತೆಯೇ ಅಂಗಡಿಯ ಉದ್ರಿ. ಸಗಟು ವ್ಯಾಪಾರಿ ಕೈಗಡ ಕೊಡುವುದನ್ನು ನಿಲ್ಲಿಸಿ, ಸಾಗಾಣಿಕೆಯವನು ನಗದು ಕೇಳುವ ದಿನಗಳಲ್ಲಿ, ಸಂಬಳ ತಪ್ಪದೆ ಬರುವ ಮನೆಯವರೂ ಕಿರಾಣಿಯ ಬಾಕಿಯನ್ನು ಯುಗಾದಿಗೆ, ದೀಪಾವಳಿಗೆ ಎಂದು ಮುಂದೂಡುತ್ತಾರೆ. ಆ ಬಾಕಿಗೆ ಅಂಗಡಿಯವನು ಬೇರೆಡೆ ಬಡ್ಡಿ ತೆರುತ್ತಿರುತ್ತಾನೆ. ಲಾರಿಯವನಿಗೆ ಕೊಡಬೇಕಾದ ಹಣ ಬಹಳ ಸಲ ಸಿಕ್ಕಿಬಿದ್ದಿರುವುದು ನಮ್ಮ ಮನೆಗಳ ಉದ್ರಿ ಪುಸ್ತಕದಲ್ಲಿಯೇ.